ಶಿಷ್ಯನ ತಂಡ ಸೇರಿದ ಗುರು

ಹಳೆಯ ರಾಜ್‌ಕುಮಾರ್ ಚಿತ್ರಗಳ ಪಟ್ಟಿ ಮಾಡಿ ನೋಡಿ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ', 'ಭಕ್ತ ಕುಂಬಾರ', 'ಮಯೂರ', 'ಸನಾದಿ ಅಪ್ಪಣ್ಣ'. ಎಲ್ಲಕ್ಕೂ ಸಂಗೀತ ಜಿ.ಕೆ. ವೆಂಕಟೇಶ್. ನಮ್ಮ ಭೇರ್ಯದಿಂದ ಮೈಸೂರಿಗೆ ಹೋಗುವ ಬಸ್ಸುಗಳಲ್ಲಿ ಈ ಹಾಡುಗಳು ಇಂದಿಗೂ ಕೇಳಿಸುತ್ತವೆ. ಹಾಡಿದವರು, ನಟಿಸಿದವರು ಎಲ್ಲರಿಗೂ ಗೊತ್ತು. ರಾಗ ಹಾಕಿದವರ ಬದುಕು ಗೊತ್ತಿರುವವರು ಕಡಿಮೆ. ಬಿ.ಇ. ಓದುತ್ತಾ ಕೆಲಸದ ಚಿಂತೆಯಲ್ಲಿರುವ ನನ್ನಂಥವರು ಆ ಬದುಕನ್ನು ಒಮ್ಮೆ ಓದಬೇಕು.

ವೆಂಕಟೇಶ್ ಹುಟ್ಟಿದ್ದು 1927ರಲ್ಲಿ, ಹೈದರಾಬಾದಿನಲ್ಲಿ. ವೀಣೆ ಕಲಿತ ಹುಡುಗ ಚಿತ್ರಸಂಗೀತಕ್ಕೆ ಬಂದದ್ದು ಸಹಾಯಕನಾಗಿ. ಎಸ್.ಎಂ. ಸುಬ್ಬಯ್ಯ ನಾಯ್ಡು, ಸಿ.ಆರ್. ಸುಬ್ಬರಾಮನ್ ಅವರಂಥ ಹಿರಿಯರ ಕೈಕೆಳಗೆ ಕೆಲಸ. ಮುಂದೆ ತಮಿಳಿನಲ್ಲಿ ದೊಡ್ಡ ಹೆಸರಾದ ಎಂ.ಎಸ್. ವಿಶ್ವನಾಥನ್ ಆ ದಿನಗಳ ಒಡನಾಡಿ.

ಸಹಾಯಕನ ಕೆಲಸ ಸುಲಭದ್ದಲ್ಲ. ಆಗ ಗಾಯಕರು, ವಾದ್ಯದವರು ಎಲ್ಲರೂ ಒಟ್ಟಿಗೆ ಕುಳಿತು ಒಂದೇ ಬಾರಿಗೆ ಹಾಡು ಧ್ವನಿಮುದ್ರಣ ಮಾಡಬೇಕಿತ್ತು. ಒಬ್ಬ ಪಿಟೀಲಿನವನು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರು! ಯಾರು ಯಾವಾಗ ಏನು ನುಡಿಸಬೇಕೆಂದು ಸ್ವರ ಬರೆದುಕೊಟ್ಟು, ತಾಲೀಮು ಮಾಡಿಸಿ, ತಂಡವನ್ನು ಸಿದ್ಧ ಮಾಡುವವನೇ ಸಹಾಯಕ. ಹಾಡು ಗೆದ್ದಾಗ ಹೆಸರು ಮಾತ್ರ ಸಂಗೀತ ನಿರ್ದೇಶಕರದ್ದು.

1950ರ ದಶಕದ ನಡುವೆ ವೆಂಕಟೇಶ್ ಕನ್ನಡಕ್ಕೆ ಬಂದರು. 1956ರ 'ಓಹಿಲೇಶ್ವರ' ಚಿತ್ರದಲ್ಲಿ ಅವರು ನಾಯಕನಟನಿಂದಲೇ ಒಂದು ಹಾಡು ಹಾಡಿಸಿದರು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿದ ಆ ನಟನೇ ರಾಜ್‌ಕುಮಾರ್. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿ ಅವರ ಜೊತೆ ಯುಗಳಗೀತೆಯನ್ನೂ ಹಾಡಿಸಿದರು. ಆಮೇಲೆ ವರ್ಷಗಟ್ಟಲೆ ರಾಜ್‌ಕುಮಾರ್‌ಗೆ ದನಿಯಾದವರು ಪಿ.ಬಿ. ಶ್ರೀನಿವಾಸ್. ಆ ಜೋಡಿ ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ಬದಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ಪಿ.ಬಿ.ಎಸ್. ಹಾಡಬೇಕಿತ್ತು, ಆದರೆ ಅವರಿಂದ ಆಗಲಿಲ್ಲ. ಆಗ ರಾಜ್‌ಕುಮಾರ್ ಅವರೇ ಹಾಡಿದರು. ಹಾಡು ಊರೂರಿಗೆ ಹಬ್ಬಿತು. ಅಲ್ಲಿಂದ ಮುಂದೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 'ಜೀವನ ಚೈತ್ರ'ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. 18 ವರ್ಷ ಮೊದಲೇ ಆ ಕಂಠದಿಂದ ಹಾಡಿಸಿದ್ದ ವೆಂಕಟೇಶ್, ಸಮಯ ಬಂದಾಗ ಮತ್ತೆ ಬಾಗಿಲು ತೆರೆದರು.

ದೊಡ್ಡ ವಿದ್ವಾಂಸರನ್ನು ಸಿನಿಮಾಕ್ಕೆ ಕರೆತರಲೂ ಅವರು ಹಿಂಜರಿಯಲಿಲ್ಲ. ಅವರ ಸಂಗೀತವಿದ್ದ 1966ರ 'ಸಂಧ್ಯಾರಾಗ'ದಲ್ಲಿ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದಾರೆ. 1977ರ 'ಸನಾದಿ ಅಪ್ಪಣ್ಣ'ನಿಗೆ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನ್. 1972ರ 'ಬಂಗಾರದ ಮನುಷ್ಯ'ದಲ್ಲಿ ಛಲದ ಕುರಿತ ಹಾಡೊಂದಿದೆ, ವಿಶ್ವೇಶ್ವರಯ್ಯನವರನ್ನೂ ಕನ್ನಂಬಾಡಿಯನ್ನೂ ನೆನೆಯುವ ಹಾಡು. ಕೆ.ಆರ್. ನಗರ ದಾಟಿ ಕಾವೇರಿ ಹೋಗಿ ಸೇರುವುದು ಅದೇ ಕಟ್ಟೆಯನ್ನು. ಎಂಜಿನಿಯರಿಂಗ್ ಓದುವ ಈ ಸೀಮೆಯ ಹುಡುಗರಿಗೆ ಅದು ನಮ್ಮದೇ ಹಾಡು ಎನ್ನಿಸಿದರೆ ಆಶ್ಚರ್ಯವಿಲ್ಲ.

ಇನ್ನು ನನಗೆ ಬಹಳ ಮುಖ್ಯವೆನಿಸುವ ಭಾಗ. ವೆಂಕಟೇಶ್ ಬಳಿ ಒಬ್ಬ ಯುವಕ ಸಹಾಯಕನಾಗಿ ಸೇರಿದ್ದ. ತಮಿಳುನಾಡಿನ ಪಣ್ಣೈಪುರಂ ಎಂಬ ಹಳ್ಳಿಯವನು, ಗಿಟಾರ್ ನುಡಿಸುತ್ತಿದ್ದ. ಸುಮಾರು 200 ಚಿತ್ರಗಳಿಗೆ ಅವರ ಕೈಕೆಳಗೆ ದುಡಿದ, ಹೆಚ್ಚಿನವು ಕನ್ನಡದವು. ಬಿಡುವು ಸಿಕ್ಕಾಗ ತಾನು ಬರೆದ ಸ್ವರಗಳನ್ನು ಅದೇ ತಂಡದ ವಾದ್ಯದವರಿಂದ ನುಡಿಸಿ ನೋಡುತ್ತಿದ್ದ. 1976ರಲ್ಲಿ 'ಅನ್ನಕ್ಕಿಳಿ' ಎಂಬ ತಮಿಳು ಚಿತ್ರಕ್ಕೆ ಸಂಗೀತ ಕೊಟ್ಟ. ಅವರೇ ಇಳಯರಾಜ! 'ಮಾಲ್ಗುಡಿ ಡೇಸ್' ಸಂಗೀತದಿಂದ ಎಲ್ಲರ ಮನೆ ತಲುಪಿದ ಎಲ್. ವೈದ್ಯನಾಥನ್ ಕೂಡ ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದವರೇ.

ಕಾಲ ಒಂದೇ ತರಹ ಇರುವುದಿಲ್ಲ. ಹೊಸಬರು ಬಂದರು, ವೆಂಕಟೇಶ್ ಅವರ ಕೈಯಲ್ಲಿ ಚಿತ್ರಗಳು ಕಡಿಮೆಯಾದವು. ಕೊನೆಯ ವರ್ಷಗಳಲ್ಲಿ ಅವರು ಸೇರಿದ್ದು ಇಳಯರಾಜ ಅವರ ತಂಡವನ್ನು. ಒಂದು ಕಾಲಕ್ಕೆ ತಮ್ಮ ಎದುರು ಗಿಟಾರ್ ಹಿಡಿದು ಕುಳಿತಿದ್ದ ಹುಡುಗನ ಧ್ವನಿಮುದ್ರಣದಲ್ಲಿ ಕೆಲಸ ಮಾಡಿದರು. 1993ರಲ್ಲಿ ತೀರಿಕೊಂಡರು.

ಇದನ್ನು ಸೋಲು ಎನ್ನಬೇಕೇ? ನಮ್ಮ ಮನೆಯಲ್ಲೇ ಒಂದು ಉದಾಹರಣೆ ಇದೆ. ನಮ್ಮ ದೊಡ್ಡಪ್ಪನ ಮಗ ಡಿಗ್ರಿ ಮುಗಿಸಿ ಎರಡು ವರ್ಷ ಕೆಲಸ ಹುಡುಕಿದ. ಒಂದು ಕಡೆ ಕೆಲಸ ಸಿಕ್ಕಿತು, ಆದರೆ ಅಲ್ಲಿ ಟೀಮ್ ಲೀಡರ್ ಆಗಿದ್ದವನು ಕಾಲೇಜಿನಲ್ಲಿ ಅಣ್ಣನಿಗಿಂತ ಎರಡು ವರ್ಷ ಕಿರಿಯ. ನೋಟ್ಸ್ ಕೇಳಿಕೊಂಡು ಬರುತ್ತಿದ್ದವನ ಕೈಕೆಳಗೆ ಹೇಗೆ ಇರುವುದು ಎಂದು ಅಣ್ಣ ಹೋಗಲೇ ಇಲ್ಲ. ಮನೆಯಲ್ಲೂ ಯಾರೂ ಹೋಗು ಎನ್ನಲಿಲ್ಲ. ಮರ್ಯಾದೆಯ ಪ್ರಶ್ನೆ ನೋಡಿ! ಈಗಲೂ ಹುಡುಕುತ್ತಲೇ ಇದ್ದಾನೆ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ನಾಳೆ ಅದೇ ಜಾಗದಲ್ಲಿ ನಾನೂ ನಿಲ್ಲಬಹುದು.

ಆದರೆ ವೆಂಕಟೇಶ್ ಬದುಕು ಬೇರೆಯೇ ಲೆಕ್ಕ ಹೇಳುತ್ತದೆ. ಅವರು ಸಹಾಯಕರಾಗಿ ಶುರು ಮಾಡಿದರು, ಯಜಮಾನರಾದರು, ಮತ್ತೆ ಇನ್ನೊಬ್ಬರ ತಂಡಕ್ಕೆ ಬಂದರು. ಕುರ್ಚಿ ಎರಡು ಸಲ ಬದಲಾಯಿತು, ಕಲಿತ ವಿದ್ಯೆ ಬದಲಾಗಲಿಲ್ಲ. ಹಾಗೆಯೇ, ಅವರು ಬೆಳೆಯುವ ಹುಡುಗನನ್ನು ತಡೆಯಲಿಲ್ಲ. ತಡೆದಿದ್ದರೆ ಕೊನೆಯಲ್ಲಿ ಹೋಗಿ ಕೂರಲು ಆ ತಂಡವೇ ಇರುತ್ತಿರಲಿಲ್ಲವೇನೋ.

ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುವಾಗ ನಾವೆಲ್ಲ ಕೇಳಿಕೊಳ್ಳುವುದು ಎಷ್ಟು ಪ್ಯಾಕೇಜ್, ಯಾವ ಹುದ್ದೆ ಎಂದು. ಯಾರ ಹತ್ತಿರ ಏನು ಕಲಿಯಬಹುದು, ಕಲಿತದ್ದನ್ನು ಯಾರಿಗೆ ಕಲಿಸಬಹುದು ಎಂದೂ ಕೇಳಿಕೊಂಡರೆ ಒಳ್ಳೆಯದು. ಕಲಿಸುವವನು ನಮಗಿಂತ ಚಿಕ್ಕವನಾಗಿದ್ದರೆ ಏನಂತೆ? ಕೆಲಸ ಗೊತ್ತಿದ್ದವನಿಗೆ ಯಾವ ಜಾಗವೂ ಸಣ್ಣದಲ್ಲ.