ಮಾರಿಸ್ ಸ್ಟೋಕ್ಸ್: ಲೆಕ್ಕಕ್ಕೆ ಸಿಗದ ಸಾಲ

ಕಾಮರ್ಸ್ ಓದುವ ನನಗೆ ಜಮಾ-ಖರ್ಚು ಬಿಟ್ಟರೆ ಬಾಸ್ಕೆಟ್‌ಬಾಲ್ ಒಂದೇ ಹುಚ್ಚು. ಎರಡೂ ಕೂಡಿದ ಒಂದು ಬಾಳಿನ ಕಥೆ ಹೇಳ್ತೇನೆ, ಕೇಳಿ.

ಮಾರಿಸ್ ಸ್ಟೋಕ್ಸ್ ಹುಟ್ಟಿದ್ದು 1933ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರದ ರಾಂಕಿನ್‌ನಲ್ಲಿ. ಕರಿಯ ಜನಾಂಗದವನು, ತಂದೆ ಉಕ್ಕಿನ ಕಾರ್ಖಾನೆಯ ಕೆಲಸಗಾರ. ಸೇಂಟ್ ಫ್ರಾನ್ಸಿಸ್ ಎಂಬ ಸಣ್ಣ ಕಾಲೇಜಿಗೆ ಆಡಿಯೇ ಹೆಸರಾದ. 1955ರಲ್ಲಿ ರಾಚೆಸ್ಟರ್ ರಾಯಲ್ಸ್ ತಂಡ ಅವನನ್ನು ಸಂಬಳಕ್ಕೆ ತಗೊಂಡಿತು. ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 16 ರಿಬೌಂಡ್; ಹೊಸ ಆಟಗಾರರಲ್ಲಿ ಶ್ರೇಷ್ಠನೆಂಬ ಪ್ರಶಸ್ತಿ. 1957ರಲ್ಲಿ ತಂಡ ಸಿನ್ಸಿನಾಟಿಗೆ ಹೋಯ್ತು.

1958ರ ಮಾರ್ಚ್ 12ರಂದು ಮಿನಿಯಾಪೊಲಿಸ್‌ನಲ್ಲಿ ಆಡುವಾಗ ಬಿದ್ದು, ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿತು. ಎಚ್ಚರವಾದ ಮೇಲೆ ಮತ್ತೆ ಆಡಿದ! ಮೂರು ದಿನ ಬಿಟ್ಟು ಡೆಟ್ರಾಯಿಟ್‌ನಲ್ಲೂ ಆಡಿದ. ಹಿಂದಿರುಗುವಾಗ ವಿಮಾನದಲ್ಲೇ ಕುಸಿದ. ಮೈಯೆಲ್ಲ ಲಕ್ವ ಹೊಡೀತು. ವಯಸ್ಸು ಇನ್ನೂ 24.

ಆಸ್ಪತ್ರೆಯ ಖರ್ಚು ಬೆಟ್ಟದಷ್ಟು. ಆಗಿನ ಆಟಗಾರರಿಗೆ ಪಿಂಚಣಿಯಿಲ್ಲ, ಆರೋಗ್ಯವಿಮೆಯೂ ಇಲ್ಲ. ಆಗ ಮುಂದೆ ಬಂದವನು ಅದೇ ತಂಡದ ಬಿಳಿಯ ಆಟಗಾರ ಜಾಕ್ ಟ್ವೈಮನ್. ಕೋರ್ಟಿನ ಮೂಲಕ ಸ್ಟೋಕ್ಸನ ಪೋಷಕನಾದ. ಕಾರ್ಮಿಕರಿಗೆ ಸಲ್ಲುವ ಪರಿಹಾರಧನಕ್ಕಾಗಿ ಹೋರಾಡಿ ಗೆದ್ದ. ವರ್ಷವರ್ಷವೂ ಸಹಾಯಾರ್ಥ ಪಂದ್ಯ ಏರ್ಪಡಿಸಿದ. ಟ್ವೈಮನ್ ಅಕ್ಷರಮಾಲೆ ಹೇಳುತ್ತಾ ಹೋದರೆ, ಬೇಕಾದ ಅಕ್ಷರಕ್ಕೆ ಸ್ಟೋಕ್ಸ್ ರೆಪ್ಪೆ ಬಡಿಯುತ್ತಿದ್ದ. ಹೀಗೆ ಅವರ ಮಾತುಕತೆ ಶುರುವಾಯ್ತು.

1970ರ ಏಪ್ರಿಲ್ 6ರಂದು, 36ನೇ ವಯಸ್ಸಿನಲ್ಲಿ, ಸ್ಟೋಕ್ಸ್ ಹೃದಯಾಘಾತದಿಂದ ತೀರಿಕೊಂಡ. 2013ರಿಂದ ಇಬ್ಬರ ಹೆಸರಲ್ಲೂ ಒಳ್ಳೆಯ ಜೊತೆಗಾರನಿಗೊಂದು ಪ್ರಶಸ್ತಿಯಿದೆ.

ಯಂತ್ರ ಸವೆದರೆ ಸವಕಳಿ ಅಂತ ಪ್ರತಿವರ್ಷ ಪುಸ್ತಕದಲ್ಲಿ ಬರೀತೇವೆ. ಆಡುವ ಮೈಗೆ ಆ ಕಲಮೇ ಇರಲಿಲ್ಲ. ಸ್ನೇಹಿತನೊಬ್ಬ ತುಂಬಿಕೊಟ್ಟ, ನಿಜ. ಆದರೆ ಎಲ್ಲರಿಗೂ ಟ್ವೈಮನ್ ಸಿಗ್ತಾನೆಯೇ? ಅದಕ್ಕೇ ವಿಮೆ ಬೇಕು, ನಿಯಮ ಬೇಕು.