ವ್ಯಾಸರಾಯರ ತರ್ಕ

ಕನ್ನಡ ಸಾಹಿತ್ಯವನ್ನು ಓದಿದವರಿಗೆ ವ್ಯಾಸರಾಯರೆಂದರೆ ಪುರಂದರದಾಸ ಕನಕದಾಸರ ಗುರುಗಳು. ಸಿರಿಕೃಷ್ಣ ಎಂಬ ಅಂಕಿತದಲ್ಲಿ ಪದಗಳನ್ನು ಹಾಡಿದವರು. ನಾನೂ ತರಗತಿಯಲ್ಲಿ ಬಹುಕಾಲ ಇಷ್ಟನ್ನೇ ಹೇಳಿ ಮುಂದೆ ಸಾಗುತ್ತಿದ್ದೆ. ಅವರ ಸಂಸ್ಕೃತ ಗ್ರಂಥಗಳು ಪಂಡಿತರ ಸೊತ್ತೆಂದೂ, ವಾದವೆಂದರೆ ಗೆಲ್ಲುವ ಹಟವೆಂದೂ ಎಣಿಸಿದ್ದೆ. ಹಿರಿಯ ವಿದ್ವಾಂಸರೊಬ್ಬರ ಬಳಿ ಕುಳಿತು ನ್ಯಾಯಾಮೃತದ ಮೊದಲ ಭಾಗವನ್ನು ಓದಿದ ಮೇಲೆ ಆ ಎಣಿಕೆ ಬಿದ್ದುಹೋಯಿತು.

ಅವರು ಹುಟ್ಟಿದ್ದು 1460ರ ಸುಮಾರಿಗೆ, ಮೈಸೂರಿಗೆ ಸಮೀಪದ ಬನ್ನೂರಿನಲ್ಲಿ. ಬ್ರಹ್ಮಣ್ಯತೀರ್ಥರಿಂದ ಸಂನ್ಯಾಸ ದೊರೆಯಿತು. ಗುರುಗಳು ತೀರಿಕೊಂಡ ಬಳಿಕ ಕಂಚಿಗೆ ಹೋಗಿ ಇತರ ದರ್ಶನಗಳನ್ನು ಕಲಿತರು. ಆಮೇಲೆ ಮುಳಬಾಗಿಲಿನ ಶ್ರೀಪಾದರಾಜರಲ್ಲಿ ತಮ್ಮ ಮತದ ಶಾಸ್ತ್ರವನ್ನು ಓದಿದರು. ಈ ಕ್ರಮವನ್ನು ಗಮನಿಸಬೇಕು: ಪರರ ಮನೆಯನ್ನು ಒಳಹೊಕ್ಕು ನೋಡಿದ ಮೇಲೆ ಅವರು ಸ್ವಂತ ಮನೆಯ ಗೋಡೆಗಳನ್ನು ಭದ್ರಪಡಿಸಲು ತೊಡಗಿದರು. ಚಂದ್ರಗಿರಿಯ ಸಾಳುವ ನರಸಿಂಹನ ಆಸ್ಥಾನ, ತಿರುಮಲೆಯ ವಾಸ, ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವ, ಇವೆಲ್ಲ ಪ್ರಸಿದ್ಧ. ಕುಹಯೋಗದ ಕಥೆಯನ್ನಂತೂ ಬಲ್ಲವರೇ ಎಲ್ಲರೂ, ಅದನ್ನಿಲ್ಲಿ ಬಿಡುತ್ತೇನೆ.

ತರ್ಕತಾಂಡವದಲ್ಲಿ ಅವರು ಗಂಗೇಶನ ಪರಂಪರೆಯ ನೈಯಾಯಿಕರನ್ನೇ ಎದುರಿಸಿದರು. ಹೊಗೆಯಿರುವೆಡೆಯಲ್ಲಿಯೇ ಬೆಂಕಿಯೂ ಇರುವಂತೆ, ಹೇತುವೂ ಸಾಧ್ಯವೂ ಒಂದೇ ಸ್ಥಳದಲ್ಲಿರಬೇಕೆಂಬ ನಿಯಮ ದ್ವೈತಿಗಳಿಗೆ ಒಪ್ಪಿಗೆಯಿಲ್ಲ. ಹೊಳೆಯ ಪ್ರವಾಹ ಇಲ್ಲಿ, ಮಳೆ ಅಲ್ಲೆಲ್ಲೋ ಮೇಲೆ. ಆದರೂ ಅನುಮಾನ ಸರಿಯೇ. ಬನ್ನೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನಲ್ಲಿ ಹನಿ ಬೀಳದಿದ್ದರೂ ಕಾವೇರಿ ಕೆಂಪಾಗಿ ಉಕ್ಕಿದರೆ ಕೊಡಗಿನಲ್ಲಿ ಮಳೆಯಾಯಿತೆಂದು ಅವರು ತಿಳಿಯುತ್ತಾರೆ. ಒಂದಿಲ್ಲದೆ ಮತ್ತೊಂದು ಹೊಂದದು ಎಂಬುದೇ ವ್ಯಾಪ್ತಿಯ ತಿರುಳು. ಎರಡೂ ಒಂದೆಡೆ ಇರುವುದಲ್ಲ.

ನ್ಯಾಯಾಮೃತದ ಗುರಿ ಅದ್ವೈತ. ಜಗತ್ತು ದೃಶ್ಯ, ಜಡ, ಪರಿಮಿತ. ಆದುದರಿಂದ ಚಿಪ್ಪಿನಲ್ಲಿ ತೋರುವ ಬೆಳ್ಳಿಯಂತೆ ಮಿಥ್ಯೆ ಎಂಬುದು ಅದ್ವೈತಿಗಳ ಅನುಮಾನ. ವ್ಯಾಸರಾಯರು ಒಡನೆಯೇ ಅದನ್ನು ಅಲ್ಲಗಳೆಯುವುದಿಲ್ಲ. ಮಿಥ್ಯೆಯೆಂದರೇನು ಎಂದು ಮೊದಲು ಕೇಳುತ್ತಾರೆ. ಪದ್ಮಪಾದ, ಪ್ರಕಾಶಾತ್ಮ, ಚಿತ್ಸುಖ, ಆನಂದಬೋಧರ ಗ್ರಂಥಗಳಿಂದ ಐದು ಲಕ್ಷಣಗಳನ್ನು ಆಯ್ದು, ಒಂದೊಂದನ್ನೂ ಒರೆಗೆ ಹಚ್ಚುತ್ತಾರೆ. ಪ್ರತಿವಾದಿಯ ಮಾತನ್ನು ಇಷ್ಟು ಅಚ್ಚುಕಟ್ಟಾಗಿ ಒಂದೆಡೆ ಜೋಡಿಸಿದ್ದರಿಂದಲೇ ಮುಂದಿನ ಅದ್ವೈತಿಗಳ ಚರ್ಚೆಯೂ ಆ ಐದರ ಸುತ್ತಲೇ ನಡೆಯಿತು.

ಬಳಿಕ ಬರುತ್ತದೆ ಇಕ್ಕಳದಂಥ ಪ್ರಶ್ನೆ. ಜಗತ್ತಿನ ಮಿಥ್ಯಾತ್ವವು ಸತ್ಯವೋ, ಮಿಥ್ಯೆಯೋ? ಸತ್ಯವೆಂದರೆ ಬ್ರಹ್ಮದ ಜೊತೆಗೆ ಎರಡನೆಯ ಸತ್ಯವೊಂದು ಬಂದು ಅದ್ವೈತ ಕೆಡುತ್ತದೆ. ಮಿಥ್ಯೆಯೆಂದರೆ ಜಗತ್ತು ಸತ್ಯವಾಗಿ ಉಳಿಯುತ್ತದೆ. ಮೊದಲ ಸಲ ಓದಿದಾಗ ಇದಕ್ಕೆ ಉತ್ತರವಿಲ್ಲವೆಂದೇ ನಾನು ನಂಬಿದ್ದೆ.

ಉತ್ತರವಿತ್ತು. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಆನೆಯೊಂದನ್ನು ತಂದು ನಿಲ್ಲಿಸಿದರು. ಆನೆಯಲ್ಲಿ ಗೋತ್ವವಿಲ್ಲವೆಂದ ಮಾತ್ರಕ್ಕೆ ಅಶ್ವತ್ವ ಬಂದೀತೆ? ಎರಡನ್ನೂ ನಿಷೇಧಿಸುವ ಕಾರಣ ಒಂದೇ ಆಗಿರುವಲ್ಲಿ, ಒಂದರ ನಿಷೇಧದಿಂದ ಇನ್ನೊಂದು ಸಿದ್ಧಿಸದು. ಅಂತೆಯೇ ಜಗತ್ತೂ ಅದರ ಮಿಥ್ಯಾತ್ವವೂ ಒಂದೇ ಕಾರಣದಿಂದ ಬಾಧಿತವಾದರೆ ಇಕ್ಕಳದ ಒಂದು ಹಲ್ಲು ಸಡಿಲುತ್ತದೆ. ಈ ಸಮಾಧಾನ ತರ್ಕದಲ್ಲಿ ನಿಲ್ಲುತ್ತದೆಂದೇ ನನಗೆ ತೋರುತ್ತದೆ. ಆದರೆ ಕಣ್ಣೆದುರಿನ ಜಗತ್ತಿಗೆ ಆನೆಯ ದೃಷ್ಟಾಂತ ಪೂರಾ ಹೊಂದುವುದೇ ಎಂಬ ಶಂಕೆ ನನ್ನನ್ನು ಬಿಟ್ಟಿಲ್ಲ. ಇಷ್ಟು ಹೇಳಿದ್ದಕ್ಕೆ ಮಾಧ್ವ ಮಿತ್ರರೊಬ್ಬರು ಮುನಿದರು. ಸ್ಮಾರ್ತ ಮಿತ್ರರೊಬ್ಬರಿಗೂ ತೃಪ್ತಿಯಾಗಲಿಲ್ಲ.

ವ್ಯಾಸರಾಯರು 1539ರಲ್ಲಿ ದೇಹವಿಟ್ಟರು. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ಅವರ ಬೃಂದಾವನವಿದೆ. ಅದ್ವೈತಸಿದ್ಧಿಗೆ ರಾಮಾಚಾರ್ಯರು ತರಂಗಿಣಿಯನ್ನು ಬರೆದರು; ತರಂಗಿಣಿಗೆ ಗೌಡ ಬ್ರಹ್ಮಾನಂದರು ಮರುಮಾತು ಕೊಟ್ಟರು.