ಬೆಂಗಳೂರು ಉಳಿಸಿಕೊಳ್ಳದ ವಿಜ್ಞಾನಿ

ದಾವಣಗೆರೆಯ ನನ್ನ ಮನೆಯ ತಾರಸಿಯ ಮೇಲೆ ಸೌರಫಲಕಗಳಿವೆ. ಬಿಸಿಲು ವಿದ್ಯುತ್ತಾಗುವ ಬಗೆಯನ್ನು ಅರಿಯಲು ಓದತೊಡಗಿದಾಗ, ಅರ್ಥಶಾಸ್ತ್ರವಷ್ಟೇ ಬಲ್ಲ ನನಗೆ ಮತ್ತೆ ಮತ್ತೆ ಎದುರಾದ ಹೆಸರು ಮ್ಯಾಕ್ಸ್ ಬಾರ್ನ್ ಅವರದು.

ಫಲಕದ ಸಿಲಿಕಾನ್ ಹರಳಿನಲ್ಲಿ ಪರಮಾಣುಗಳು ಜಾಲಕವಾಗಿ ಜೋಡಣೆಗೊಂಡು ಸದಾ ಕಂಪಿಸುತ್ತಿರುತ್ತವೆ. ಅಲ್ಲಿ ಎಲೆಕ್ಟ್ರಾನು ಬಿಸಿಲಿನ ಬಹುಪಾಲನ್ನು ಒಂಟಿಯಾಗಿ ಹೀರಲಾರದು. ಬೆಳಕು ಶಕ್ತಿಯನ್ನು ಕೊಡುತ್ತದೆ. ಮೇಲಿನ ಸ್ತರಕ್ಕೆ ಏರಲು ಬೇಕಾದ ಸಂವೇಗವನ್ನು ಜಾಲಕದ ಕಂಪನ ಒದಗಿಸಬೇಕು. ನೆರೆಯ ಹರಿಹರದ ಗುಡಿಯಲ್ಲಿ ಹರಿ ಮತ್ತು ಹರ ಒಂದೇ ವಿಗ್ರಹವಾಗಿ ನಿಂತಂತೆ, ಈ ಕ್ರಿಯೆಯಲ್ಲಿ ಎಲೆಕ್ಟ್ರಾನು, ಜಾಲಕ ಎರಡೂ ಸಮಭಾಗಿಗಳು.

ಜಾಲಕ ಕಂಪನದ ಗಣಿತಕ್ಕೆ ತಳಪಾಯ ಹಾಕಿದವರಲ್ಲಿ ಬಾರ್ನ್ ಪ್ರಮುಖರು. 1882ರಲ್ಲಿ ಬ್ರೆಸ್ಲಾವ್‌ನಲ್ಲಿ ಜನಿಸಿದ ಅವರು 1915ರಲ್ಲಿಯೇ ಆ ಕುರಿತು ಗ್ರಂಥ ಪ್ರಕಟಿಸಿದ್ದರು. ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯದ ಪೀಠವನ್ನು ಕಳೆದುಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರನ್ನು ಆಹ್ವಾನಿಸಿದರು. 1935ರ ಕೊನೆಯಿಂದ ಸುಮಾರು ಆರು ತಿಂಗಳು ಬಾರ್ನ್ ಇಲ್ಲಿದ್ದರು. ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ಕೊಡಿಸಲು ರಾಮನ್ ಯತ್ನಿಸಿದರೂ ಸಂಸ್ಥೆಯೊಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. 1936ರಲ್ಲಿ ಬಾರ್ನ್ ಎಡಿನ್‌ಬರೋಗೆ ತೆರಳಿದರು. ಮರುವರ್ಷವೇ ರಾಮನ್ ನಿರ್ದೇಶಕ ಸ್ಥಾನವನ್ನು ತೊರೆಯಬೇಕಾಯಿತು.

ಮುಂದೆ ಜಾಲಕ ಸಿದ್ಧಾಂತದ ಬಗ್ಗೆ ಇಬ್ಬರಲ್ಲೂ ತೀವ್ರ ಭಿನ್ನಾಭಿಪ್ರಾಯ ಮೂಡಿತು. ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಪರವಾಗಿ ತೀರ್ಪಿತ್ತವು. 1940ರ ದಶಕದಲ್ಲಿ ಚೀನಾದ ತರುಣ ಕುನ್ ಹುವಾಂಗ್ ಬಾರ್ನ್ ಅವರ ಗ್ರಂಥರಚನೆಗೆ ಕೈಜೋಡಿಸಿದರು. ಹರಳಿನ ದೋಷತಾಣಗಳು ಬೆಳಕನ್ನು ಹೀರುವಾಗ ಜಾಲಕದ ಕಂಪನ ವಹಿಸುವ ಪಾತ್ರವನ್ನು 1950ರಲ್ಲಿ ಸಹೋದ್ಯೋಗಿಯೊಡನೆ ವಿವರಿಸಿದವರೂ ಇದೇ ಹುವಾಂಗ್. 1951ರಲ್ಲಿ ಸ್ವದೇಶಕ್ಕೆ ಮರಳಿ ಅಲ್ಲಿ ಅರೆವಾಹಕ ಭೌತವಿಜ್ಞಾನವನ್ನು ಬೆಳೆಸಿದರು. ಅವರಿಬ್ಬರ ಗ್ರಂಥ ಹೊರಬಂದ 1954ರಲ್ಲೇ ಬಾರ್ನ್ ಅವರಿಗೆ ನೊಬೆಲ್ ಸಂದಿತು.

ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚವೆಂಬ ಪರಿಕಲ್ಪನೆಯಿದೆ. ಯಾವ ಲೆಕ್ಕಪರಿಶೋಧನಾ ವರದಿಯಲ್ಲೂ ಅದು ಕಾಣಿಸದು. ಸೇವೆಯಲ್ಲಿದ್ದಾಗ ಹುದ್ದೆ ಮಂಜೂರಾತಿಯ ಅದೆಷ್ಟೋ ಕಡತಗಳಿಗೆ ನಾನೂ ಆಕ್ಷೇಪ ಬರೆದು ಹಿಂದಿರುಗಿಸಿದ್ದೇನೆ. ಹಾಗೆ ನಿರಾಶರಾಗಿ ಹೋದವರು ಎಲ್ಲಿ ನೆಲೆ ಕಂಡರೆಂದು ಎಂದೂ ವಿಚಾರಿಸಲಿಲ್ಲ. ಬಾರ್ನ್ ಬೆಂಗಳೂರಿನಲ್ಲಿಯೇ ನೆಲೆಸಿದ್ದರೆ ಹುವಾಂಗ್‌ರಂಥ ತರುಣರು ಇಲ್ಲಿಗೇ ಬರುತ್ತಿದ್ದರೇನೋ.

1970ರ ಜನವರಿಯಲ್ಲಿ ಬಾರ್ನ್, ನವೆಂಬರಿನಲ್ಲಿ ರಾಮನ್ ನಿಧನರಾದರು. ಅಂದು ಒಂದು ಹುದ್ದೆಯನ್ನು ಉಳಿಸಿದ ನಾವು ಕಳೆದುಕೊಂಡದ್ದೆಷ್ಟು ಎಂಬುದನ್ನು ಇಂದು ಕಡತ ಹಿಡಿದು ಕುಳಿತವರು ಒಮ್ಮೆ ಯೋಚಿಸಬೇಕು.